ಸಕ್ಕರೆ ಕಾಯಿಲೆ, ಉರಿಯೂತದ ಜೀನ್‌ಗಳು, ನಮ್ಮ ಮನೆತನ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ, ಯಾದಗಿರಿ ಕಡೆ ಮನೆಯಲ್ಲಿ ಒಬ್ಬರಿಗೆ ಶುಗರ್ ಇದೆ ಎಂದು ಗೊತ್ತಾದ ದಿನ ಮೊದಲು ಏಳುವ ಮಾತು "ಇದು ಯಾರ ಕಡಿಂದ ಬಂತು?" ಎಂಬುದು. ಈಚೆಗೆ ಅದಕ್ಕೆ ಇನ್ನಷ್ಟು ಪ್ರಶ್ನೆಗಳು ಸೇರಿವೆ. ಮೊಬೈಲಿನಲ್ಲಿ ಜೀನ್ ಪರೀಕ್ಷೆಯ ಜಾಹೀರಾತು ನೋಡಿದವರು, ಲ್ಯಾಬಿನ ರಿಪೋರ್ಟಿನಲ್ಲಿ ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್) ಹೆಚ್ಚಿರುವುದನ್ನು ಕಂಡು ಗಾಬರಿಯಾದವರು, "ಉರಿಯೂತವೇ ಎಲ್ಲಾ ರೋಗದ ಮೂಲ" ಎಂಬ ವಿಡಿಯೋ ಕೇಳಿದವರು ಹೆಚ್ಚುತ್ತಿದ್ದಾರೆ. ಪ್ರಶ್ನೆಗಳನ್ನು ಇಲ್ಲಿಯ ಜನ ಕೇಳುವ ಮಾತಿನಲ್ಲೇ ಇಟ್ಟಿದ್ದೇನೆ.

ಸಕ್ಕರಿ ಬ್ಯಾನಿಗೂ ಉರಿಯೂತಕ್ಕೂ ಏನ್ ಸಂಬಂಧ ಅದ?

ಕಾಲಿಗೆ ಜಾಲಿ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಬಾತುಕೊಳ್ಳುತ್ತದೆ. ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸಿ, ರೋಗಾಣುಗಳನ್ನು ಕೊಂದು, ಗಾಯ ಮಾಯಲು ದಾರಿ ಮಾಡುತ್ತವೆ. ನಾಲ್ಕು ದಿನದಲ್ಲಿ ಕೆಲಸ ಮುಗಿಯುತ್ತದೆ. ಈ ಉರಿಯೂತ ಇಲ್ಲದಿದ್ದರೆ ನಾವು ಬದುಕುತ್ತಿರಲಿಲ್ಲ.

ಸಕ್ಕರೆ ಕಾಯಿಲೆಗೆ ಸಂಬಂಧಪಟ್ಟದ್ದು ಬೇರೆ ಬಗೆಯದು. ಅದು ಬೂದಿ ಮುಚ್ಚಿದ ಕೆಂಡ. ಜ್ವರ ಬರುವುದಿಲ್ಲ, ನೋವಿರುವುದಿಲ್ಲ, ವರ್ಷಗಟ್ಟಲೆ ಸಣ್ಣಗೆ ನಡೆದೇ ಇರುತ್ತದೆ. ಹೊಟ್ಟೆಯೊಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಕೊಬ್ಬು ತುಂಬಿದಾಗ ಆ ಕೊಬ್ಬಿನ ಕೋಶಗಳು ಉಬ್ಬಿ ಒತ್ತಡಕ್ಕೆ ಸಿಲುಕುತ್ತವೆ. ಅಲ್ಲಿಗೆ ಮ್ಯಾಕ್ರೋಫೇಜ್ ಎಂಬ ರಕ್ಷಕ ಕಣಗಳು ಬಂದು ನೆಲೆಸುತ್ತವೆ. ಅವುಗಳಿಂದ ಮತ್ತು ಕೊಬ್ಬಿನ ಕೋಶಗಳಿಂದ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಪ್ರೋಟೀನುಗಳು ರಕ್ತಕ್ಕೆ ಇಳಿಯುತ್ತವೆ. ಇನ್ಸುಲಿನ್ ಬಂದು "ಸಕ್ಕರೆ ಒಳಗೆ ತೆಗೆದುಕೋ" ಎಂದು ಸ್ನಾಯುವಿಗೆ ಕೊಡುವ ಸೂಚನೆಯನ್ನು ಇವು ಕೋಶದ ಒಳಗೇ ತಡೆಯುತ್ತವೆ. ಇನ್ಸುಲಿನ್ ಇದ್ದರೂ ಕೆಲಸ ಸಾಗುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನೂ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ. ಅದರ ಬೀಟಾ ಕೋಶಗಳು ದಣಿದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ.

ದಪ್ಪ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಹೆಚ್ಚು ತಯಾರಾಗುತ್ತದೆ, ಅದನ್ನು ತಡೆದರೆ ಇನ್ಸುಲಿನ್ ಮತ್ತೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು 1993ರಲ್ಲಿ ತೋರಿಸಲಾಯಿತು. ಅದುವರೆಗೆ ಕೊಬ್ಬೆಂದರೆ ಬರೀ ಉಗ್ರಾಣ ಎಂದೇ ತಿಳಿದಿದ್ದರು. 2001ರಲ್ಲಿ ಅಮೆರಿಕದ ಮಹಿಳೆಯರ ಒಂದು ದೊಡ್ಡ ಅಧ್ಯಯನ ಇನ್ನೊಂದು ಸಂಗತಿ ಹೇಳಿತು: ಇಂದು ಆರೋಗ್ಯವಾಗಿದ್ದರೂ ರಕ್ತದಲ್ಲಿ ಸಿಆರ್‌ಪಿ ಮತ್ತು ಇಂಟರ್‌ಲ್ಯೂಕಿನ್-6 ಹೆಚ್ಚಿರುವವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವುದು ಹೆಚ್ಚು. ಹಾಗಿದ್ದರೆ ಈ ಪ್ರೋಟೀನುಗಳ ಜೀನ್‌ಗಳಲ್ಲೇ ಹುಟ್ಟಿನಿಂದ ವ್ಯತ್ಯಾಸ ಇದ್ದರೆ ಏನಾಗುತ್ತದೆ ಎಂಬ ಹುಡುಕಾಟ ಆಗ ಜೋರಾಯಿತು.

ಜೀನ್‌ನಾಗ ವ್ಯತ್ಯಾಸ ಅಂದ್ರ ಏನು? ಅದು ದೋಷ ಏನ್ರಿ?

ದೋಷ ಅಲ್ಲ. ನಮ್ಮ ಡಿಎನ್‌ಎ ಸುಮಾರು 300 ಕೋಟಿ ಅಕ್ಷರಗಳ ಸಾಲು. ಅದರಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಯಾವ ಇಬ್ಬರನ್ನು ಹಿಡಿದು ನೋಡಿದರೂ ಸರಾಸರಿ ಸಾವಿರ ಅಕ್ಷರಕ್ಕೆ ಒಂದರಂತೆ ಬೇರೆ ಇರುತ್ತದೆ. ಈ ಡಿಎನ್‌ಎ ವರ್ಣತಂತು (ಕ್ರೋಮೋಸೋಮ್) ಎಂಬ ಕಟ್ಟುಗಳಲ್ಲಿ ಇರುತ್ತದೆ. ಟಿಎನ್‌ಎಫ್ ಜೀನ್ 6ನೇ ವರ್ಣತಂತುವಿನಲ್ಲಿದೆ. ಅದು ಶುರುವಾಗುವ ಜಾಗಕ್ಕಿಂತ 308 ಅಕ್ಷರ ಹಿಂದೆ ಬಹಳ ಜನರಲ್ಲಿ ಜಿ ಇರುತ್ತದೆ, ಕೆಲವರಲ್ಲಿ ಎ. 7ನೇ ವರ್ಣತಂತುವಿನ ಇಂಟರ್‌ಲ್ಯೂಕಿನ್-6 ಜೀನಿನ ಹಿಂದೆ 174ನೇ ಜಾಗದಲ್ಲಿ ಜಿ ಅಥವಾ ಸಿ. ಈ ಜಾಗಗಳು ಪ್ರೋಟೀನಿನ ರೂಪವನ್ನು ಬದಲಿಸುವುದಿಲ್ಲ. ಅದು ಎಷ್ಟು ತಯಾರಾಗಬೇಕು ಎಂಬುದರ ಮೇಲೆ ಪ್ರಭಾವ ಬೀರಬಲ್ಲ ಜಾಗಗಳು ಇವು.

ಇಂಥ ಒಂದಕ್ಷರ ಕೆಲವೊಮ್ಮೆ ಜೀವನ್ಮರಣದ ಮಾತಾಗುತ್ತದೆ. ಆಫ್ರಿಕಾದ ಗ್ಯಾಂಬಿಯಾದಲ್ಲಿ ಮಲೇರಿಯಾ ಮೆದುಳಿಗೇರಿದ ಮಕ್ಕಳ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ತಂದೆ ತಾಯಿ ಇಬ್ಬರಿಂದಲೂ 308ನೇ ಜಾಗದ ಎ ಪಡೆದ ಮಕ್ಕಳಲ್ಲಿ ಸಾವು ಮತ್ತು ನರಗಳ ಹಾನಿ ಬಹಳ ಹೆಚ್ಚಿತ್ತು. ಅದೇ ಅಕ್ಷರ ಸಕ್ಕರೆ ಕಾಯಿಲೆಯ ವಿಷಯದಲ್ಲಿ ಹೆಚ್ಚುಕಮ್ಮಿ ಮೌನವಾಗಿದೆ. ಹೀಗಾಗಿ "ಕೆಟ್ಟ ಜೀನ್" ಎನ್ನುವ ಮಾತೇ ನನಗೆ ಒಪ್ಪಿಗೆಯಿಲ್ಲ.

ಹಂಗಿದ್ರ ಆ ಜೀನ್ ಇದ್ದವರಿಗಿ ಶುಗರ್ ಬರೋದು ಪಕ್ಕಾ ಏನು?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಮೊದಮೊದಲು ಕೆಲವು ನೂರು ಜನರ ಮೇಲೆ ನಡೆದ ಸಣ್ಣ ಅಧ್ಯಯನಗಳು ಒಂದಕ್ಕೊಂದು ಉಲ್ಟಾ ಹೇಳಿದವು. ಒಂದು ಊರಿನಲ್ಲಿ ಟಿಎನ್‌ಎಫ್ ಅಪಾಯ ಎಂದರೆ, ಇನ್ನೊಂದು ಊರಿನಲ್ಲಿ ಏನೂ ಇಲ್ಲ. ಇಂಟರ್‌ಲ್ಯೂಕಿನ್-6ರ 174ನೇ ಜಾಗದ ಬಗ್ಗೆ 21 ಅಧ್ಯಯನಗಳ 20,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು 2006ರಲ್ಲಿ ಒಟ್ಟುಗೂಡಿಸಿದರು. ಸಿ ಇದ್ದವರಿಗೆ ಅಪಾಯ ಶೇ. 9ರಷ್ಟು ಕಡಿಮೆ ಎಂದು ಬಂತು. ಅಷ್ಟೇ. ಯುರೋಪಿನ ಜನರಲ್ಲಿ ಸಾಮಾನ್ಯವಾದ ಆ ಸಿ ನಮ್ಮ ದೇಶದವರಲ್ಲಿ ಕಡಿಮೆ ಎಂಬುದೂ ಗಮನಿಸಬೇಕಾದ ವಿಷಯ.

ಸಿಆರ್‌ಪಿಯ ಕಥೆ ಇನ್ನೂ ಕಲಿಸುವಂಥದು. 1ನೇ ವರ್ಣತಂತುವಿನ ಈ ಜೀನಿನಲ್ಲಿ ಕೆಲವು ವ್ಯತ್ಯಾಸಗಳಿದ್ದರೆ ಮನುಷ್ಯನಿಗೆ ಜೀವನವಿಡೀ ಸಿಆರ್‌ಪಿ ತುಸು ಹೆಚ್ಚಿರುತ್ತದೆ. ಸಿಆರ್‌ಪಿಯೇ ರೋಗ ತರುವುದಾದರೆ ಇಂಥವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿರಬೇಕಿತ್ತು. ಹುಡುಕಿ ನೋಡಿದಾಗ ಹಾಗೆ ಕಾಣಲಿಲ್ಲ. ಎಂದರೆ ಸಿಆರ್‌ಪಿ ರೋಗದ ಕಾರಣ ಅಲ್ಲ, ಒಳಗೆ ಇನ್ನೇನೋ ನಡೆಯುತ್ತಿದೆ ಎಂಬುದರ ಗುರುತು.

ಈ ನಡುವೆ ಇಡೀ ಡಿಎನ್‌ಎಯನ್ನೇ ಜಾಲಾಡುವ ಅಧ್ಯಯನಗಳು ಬಂದವು. 2006ರಲ್ಲಿ ಸಿಕ್ಕ ಟಿಸಿಎಫ್7ಎಲ್2 ಎಂಬ ಜೀನ್, ಸಾಮಾನ್ಯವಾಗಿ ಕಾಣುವ ವ್ಯತ್ಯಾಸಗಳಲ್ಲೆಲ್ಲ ಹೆಚ್ಚು ಬಲವಾದದ್ದು. ಅದರ ಅಪಾಯದ ಅಕ್ಷರದ ಒಂದು ಪ್ರತಿ ಬಂದರೆ ಅಪಾಯ ಸುಮಾರು 1.4 ಪಟ್ಟು. ಅದು ಉರಿಯೂತದ ಜೀನ್ ಅಲ್ಲ, ಇನ್ಸುಲಿನ್ ಸುರಿಯುವ ಶಕ್ತಿಗೆ ಸಂಬಂಧಪಟ್ಟದ್ದು. 2024ರಲ್ಲಿ 25 ಲಕ್ಷ ಜನರ ಮಾಹಿತಿ ಸೇರಿಸಿ ನೋಡಿದಾಗ ಡಿಎನ್‌ಎಯ 611 ಜಾಗಗಳು ಈ ಕಾಯಿಲೆಗೆ ತಳಕು ಹಾಕಿಕೊಂಡವು. ಒಂದೊಂದರ ಪಾಲು ಚಿಟಿಕೆಯಷ್ಟು. ಉರಿಯೂತದ ಜೀನ್‌ಗಳಿಗೂ ಪಾಲಿದೆ, ಆದರೆ ಮುಂದಿನ ಸಾಲಿನಲ್ಲಿ ಕೂರುವುದು ಬೀಟಾ ಕೋಶದ ಜೀನ್‌ಗಳು ಮತ್ತು ಕೊಬ್ಬು ಎಲ್ಲಿ ಕೂಡಬೇಕೆಂದು ತೀರ್ಮಾನಿಸುವ ಜೀನ್‌ಗಳು.

ನನ್ನ ತೀರ್ಪು ಇದು: ಉರಿಯೂತ ಸಕ್ಕರೆ ಕಾಯಿಲೆಯಲ್ಲಿ ನಿಜವಾದ ಪಾತ್ರಧಾರಿ, ಆದರೆ ಅದನ್ನು ಹೊತ್ತಿಸುವುದರಲ್ಲಿ ಹುಟ್ಟಿನಿಂದ ಬಂದ ಅಕ್ಷರಗಳಿಗಿಂತ ದಿನನಿತ್ಯದ ಬದುಕಿನ ಕೈ ದೊಡ್ಡದು.

ನಮ್ಮಪ್ಪಗೂ ಅದ, ಅವ್ವಗೂ ಅದ. ನನಗಿ ಎಷ್ಟರ ಮಟ್ಟಿಗಿ ಖರೆ?

ತಂದೆ ತಾಯಿಯಲ್ಲಿ ಒಬ್ಬರಿಗೆ ಎರಡನೇ ವಿಧದ (ಇನ್ಸುಲಿನ್ ಇದ್ದರೂ ಕೆಲಸ ಸಾಗದ, ಇದುವರೆಗೆ ಹೇಳಿದ ಬಗೆಯ) ಸಕ್ಕರೆ ಕಾಯಿಲೆ ಇದ್ದರೆ ಮಕ್ಕಳಿಗೆ ಜೀವಮಾನದಲ್ಲಿ ಬರುವ ಸಾಧ್ಯತೆ ಸುಮಾರು ಶೇ. 40, ಇಬ್ಬರಿಗೂ ಇದ್ದರೆ ಸುಮಾರು ಶೇ. 70 ಎಂದು ವೈದ್ಯರು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಇದು ಯಾವುದೇ ಒಂದು ಜೀನಿನ ಪರೀಕ್ಷೆ ಹೇಳುವುದಕ್ಕಿಂತ ಎಷ್ಟೋ ಹೆಚ್ಚಿನ ಮಾಹಿತಿ, ಅದೂ ಪುಕ್ಕಟೆ. ಮನೆತನದಲ್ಲಿ ಯಾರಿಗಿತ್ತು, ಯಾವ ವಯಸ್ಸಿಗೆ ಬಂತು, ಕಾಲು ಕಣ್ಣು ಕಿಡ್ನಿಗೆ ತೊಂದರೆ ಆಗಿತ್ತೇ ಎಂದು ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಆದರೆ ಒಂದು ಮನೆಯವರು ಹಂಚಿಕೊಳ್ಳುವುದು ಜೀನ್ ಮಾತ್ರ ಅಲ್ಲ. ಒಲೆ ಒಂದೇ, ಊಟ ಒಂದೇ, ಸಂಜೆ ಟಿವಿ ಮುಂದೆ ಕೂರುವ ರೂಢಿಯೂ ಒಂದೇ. ಆ ಶೇಕಡಾವಾರಿನಲ್ಲಿ ಇವೆಲ್ಲ ಸೇರಿವೆ.

"ಸೊಸಿ ತವರಮನಿ ಕಡಿಂದ ಬಂದದ" ಅಂತಾರ. ಖರೆ ಏನ್ರಿ?

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪ್ರತಿ ಮಗುವೂ ಅರ್ಧ ಜೀನ್‌ಗಳನ್ನು ತಾಯಿಯಿಂದ, ಅರ್ಧವನ್ನು ತಂದೆಯಿಂದ ಪಡೆಯುತ್ತದೆ. ಒಂದು ಮನೆತನವನ್ನು ಬೊಟ್ಟು ಮಾಡಿ ತೋರಿಸಲು ವಿಜ್ಞಾನದಲ್ಲಿ ಆಧಾರವಿಲ್ಲ. ಬಸುರಿಯಲ್ಲಿ ತಾಯಿಗೆ ಸಕ್ಕರೆ ಏರಿದ್ದರೆ ಮಗುವಿಗೆ ಮುಂದೆ ಅಪಾಯ ತುಸು ಹೆಚ್ಚುತ್ತದೆ, ಹೊಟ್ಟೆಯಲ್ಲಿದ್ದಾಗ ತಾಯಿಗೆ ಊಟ ಸಾಲದೇ ತೂಕ ಕಡಿಮೆ ಹುಟ್ಟಿದ ಮಗುವಿಗೂ ಹೆಚ್ಚುತ್ತದೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಬಿದ್ದ ಬರಗಾಲದಲ್ಲಿ ಗರ್ಭದಲ್ಲಿದ್ದವರಿಗೆ ಐವತ್ತರ ಹೊತ್ತಿಗೆ ಸಕ್ಕರೆ ತಾಳಿಕೊಳ್ಳುವ ಶಕ್ತಿ ಕಡಿಮೆಯಾಗಿತ್ತು. ಹಾಗಾಗಿ ಸೊಸೆಯ ತವರನ್ನು ದೂರುವ ಅತ್ತೆ ಮಾವಂದಿರು ಮಾಡಬೇಕಾದದ್ದು ಒಂದೇ: ಬಸುರಿ ಸೊಸೆಗೆ ಎಲ್ಲರ ಜೊತೆ ಕೂರಿಸಿ ಹೊಟ್ಟೆ ತುಂಬ ಬೇಳೆ, ಪಲ್ಯ, ಹಾಲು, ಮೊಟ್ಟೆ ಕೊಡಬೇಕು ಮತ್ತು ಅವಳ ಸಕ್ಕರೆ ಪರೀಕ್ಷೆ ತಪ್ಪಿಸಬಾರದು.

ಸೋದರಮಾವನ ಮಗಳ್ನ ಮಾಡ್ಕೊಂಡ್ರ ಮಕ್ಕಳಿಗಿ ಜಾಸ್ತಿ ಬರ್ತದೇನು?

ಸೋದರಿಕೆ ಮದುವೆಯಿಂದ ಮುಖ್ಯವಾಗಿ ಹೆಚ್ಚುವುದು, ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷದ ಪ್ರತಿ ಬಂದರೆ ಮಾತ್ರ ಕಾಣಿಸುವ ಅಪರೂಪದ ಕಾಯಿಲೆಗಳು. ಎರಡನೇ ವಿಧದ ಸಕ್ಕರೆ ಕಾಯಿಲೆ ಆ ಬಗೆಯದಲ್ಲ. ಆದರೆ ಹುಟ್ಟಿದ ಕೆಲವೇ ತಿಂಗಳಲ್ಲಿ ಸಕ್ಕರೆ ಏರುವ, ಬಹಳ ಅಪರೂಪದ ವುಲ್ಕಾಟ್-ರಾಲಿಸನ್‌ನಂಥ ಕಾಯಿಲೆಗಳು ರಕ್ತಸಂಬಂಧದ ಮದುವೆಗಳಲ್ಲೇ ಹೆಚ್ಚು ಕಂಡುಬರುತ್ತವೆ. ಆರು ತಿಂಗಳ ಒಳಗಿನ ಕೂಸಿಗೆ ಸಕ್ಕರೆ ಏರಿದ್ದು ಕಂಡರೆ ಆಗ ಜೀನ್ ಪರೀಕ್ಷೆ ಅವಶ್ಯ. ಯಾವ ಜೀನ್ ಎಂದು ಗೊತ್ತಾದರೆ ಕೆಲವು ಮಕ್ಕಳಿಗೆ ಸೂಜಿಯ ಬದಲು ಗುಳಿಗೆಯೇ ಸಾಕಾಗುತ್ತದೆ.

ಎಂಟು ವರ್ಷದ ಕೂಸಿಗಿ ಶುಗರ್ ಅಂದ್ರು. ಸಣ್ಣ ಮಕ್ಕಳಿಗೂ ಬರ್ತದೇನು?

ಬರುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೇ ವಿಧ. ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಇಲ್ಲಿ ರೋಗನಿರೋಧಕ ಜೀನ್‌ಗಳ ಪಾಲು ನಿಜಕ್ಕೂ ದೊಡ್ಡದು. 6ನೇ ವರ್ಣತಂತುವಿನ ಎಚ್‌ಎಲ್‌ಎ ಜೀನ್‌ಗಳೇ ವಂಶದಿಂದ ಬರುವ ಅಪಾಯದ ಸುಮಾರು ಅರ್ಧ ಭಾಗಕ್ಕೆ ಕಾರಣ. ಪಿಟಿಪಿಎನ್22, ಸಿಟಿಎಲ್‌ಎ4 ಎಂಬ ಜೀನ್‌ಗಳೂ ಸೇರುತ್ತವೆ. ಅಷ್ಟಾದರೂ ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಶೇ. 30ರಿಂದ 50 ಮಾತ್ರ.

ಮಗು ಪದೇ ಪದೇ ನೀರು ಕುಡಿಯುವುದು, ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು ಮತ್ತೆ ಶುರುವಾಗುವುದು, ಉಂಡರೂ ಸೊರಗುವುದು ಕಂಡರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಿದ್ದರೆ ಒಂದು ಗಂಟೆಯೂ ಕಾಯಬೇಡಿ, ಆಸ್ಪತ್ರೆಗೆ ಓಡಿ. ಈ ಮಕ್ಕಳಿಗೆ ಇನ್ಸುಲಿನ್ ಬಿಟ್ಟರೆ ಬೇರೆ ಜೀವಾಧಾರ ಇಲ್ಲ. 1922ರಲ್ಲಿ ಮೊದಲ ಸಲ ಮನುಷ್ಯನಿಗೆ ಇನ್ಸುಲಿನ್ ಕೊಡುವವರೆಗೆ ಇಂಥ ಮಕ್ಕಳು ಬದುಕುಳಿಯುತ್ತಿರಲಿಲ್ಲ. ಯಾರೋ ಕೊಡುವ ಬೇರಿನ ಔಷಧ ನಂಬಿ ಸೂಜಿ ನಿಲ್ಲಿಸಬೇಡಿ. ಹೆಣ್ಣುಮಗುವಾದರೆ "ಮುಂದೆ ಲಗ್ನ ಹ್ಯಾಂಗ" ಎಂದು ಸೂಜಿ ಮುಚ್ಚಿಡುವುದೂ ಬೇಡ. ಇನ್ಸುಲಿನ್ ಸರಿಯಾಗಿ ತೆಗೆದುಕೊಳ್ಳುವ ಹುಡುಗಿ ಓದುತ್ತಾಳೆ, ದುಡಿಯುತ್ತಾಳೆ, ತಾಯಿಯೂ ಆಗುತ್ತಾಳೆ.

ನಾ ತೆಳ್ಳಗಿದ್ದೀನಿ. ನನಗ್ಯಾಕ ಬಂತು?

ಪುಣೆಯಲ್ಲಿ ಹುಟ್ಟಿದ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿ ನೋಡಿದ್ದಾರೆ. ನಮ್ಮವುಗಳ ತೂಕ ಸರಾಸರಿ 2.7 ಕಿಲೋ, ಅವರದು 3.5. ಸ್ನಾಯು ಬಹಳ ಕಡಿಮೆ, ಆದರೆ ಕೊಬ್ಬು ಅಷ್ಟಾಗಿ ಕಡಿಮೆಯಿಲ್ಲ. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬರುವ ಮೈಕಟ್ಟು ನಮ್ಮಲ್ಲಿ ಸಾಮಾನ್ಯ, ಉರಿಯೂತ ಹೊತ್ತಿಕೊಳ್ಳುವುದೂ ಆ ಹೊಟ್ಟೆಯ ಕೊಬ್ಬಿನಲ್ಲೇ. ತೂಕದ ಯಂತ್ರಕ್ಕಿಂತ ಟೇಪು ಹೆಚ್ಚು ನಿಜ ಹೇಳುತ್ತದೆ: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.

ಆನ್‌ಲೈನ್‌ದಾಗ ಜೀನ್ ಟೆಸ್ಟ್ ಮಾಡ್ತಾರಂತ. ಮಾಡಿಸ್ಲಾ?

ಎರಡನೇ ವಿಧಕ್ಕೆ ಬೇಡ. ಇಂಥ ವರದಿಗಳ ಲೆಕ್ಕಾಚಾರ ಬಹುಪಾಲು ಯುರೋಪ್ ಮೂಲದವರ ಮಾಹಿತಿಯ ಮೇಲೆ ನಿಂತಿದೆ, ನಮ್ಮ ಜನರಿಗೆ ಅಷ್ಟು ನಿಖರವಾಗಿ ಹೊಂದುವುದಿಲ್ಲ. ಭಾರತದ 10,000 ಜನರ ಪೂರ್ತಿ ಡಿಎನ್‌ಎ ಓದಿದ ಜೀನೋಮ್ ಇಂಡಿಯಾ ಯೋಜನೆಯ ಮಾಹಿತಿ 2025ರ ಜನವರಿಯಲ್ಲಷ್ಟೇ ಸಂಶೋಧಕರಿಗೆ ತೆರೆದುಕೊಂಡಿತು. ಅದರ ಫಲ ನಮ್ಮ ಊರಿನ ಲ್ಯಾಬಿಗೆ ಇಳಿಯಲು ಸಮಯ ಬೇಕು. ಸಾವಿರಾರು ರೂಪಾಯಿ ಕೊಟ್ಟು ತರುವ ವರದಿಯ ಕೊನೆಯಲ್ಲೂ ಬರೆದಿರುವುದು "ನಡೆಯಿರಿ, ತೂಕ ಇಳಿಸಿ" ಎಂದೇ. ಒಂದು ವಿನಾಯಿತಿ: ಅಜ್ಜ, ಅಪ್ಪ, ಮಗ ಹೀಗೆ ಮೂರು ತಲೆಮಾರಿಗೂ 25ರ ಒಳಗೇ ಬಂದಿದ್ದು, ಯಾರೂ ದಪ್ಪ ಇಲ್ಲದಿದ್ದರೆ ಅದು ಮೋಡಿ ಎಂಬ ಒಂದೇ ಜೀನಿನ ಕಾಯಿಲೆ ಇರಬಹುದು. ಆಗ ತಜ್ಞರ ಸಲಹೆಯ ಮೇಲೆ ಪರೀಕ್ಷೆ ಮಾಡಿಸಿದರೆ ಔಷಧವೇ ಬದಲಾಗಬಹುದು.

ರಿಪೋರ್ಟ್‌ನಾಗ ಸಿಆರ್‌ಪಿ ಜಾಸ್ತಿ ಬಂದದ. ಶುಗರ್ ಬರೋ ಲಕ್ಷಣ ಏನು?

ಡೆಂಗಿ, ಚಿಕೂನ್‌ಗುನ್ಯಾ, ಹಲ್ಲಿನ ಕೀವು, ನೆಗಡಿ, ಹೀಗೆ ಯಾವುದು ಬಂದರೂ ಸಿಆರ್‌ಪಿ ಏರುತ್ತದೆ. ಲೀಟರಿಗೆ 10 ಮಿ.ಗ್ರಾಂ ದಾಟಿದ್ದರೆ ಸೋಂಕನ್ನೇ ಮೊದಲು ಹುಡುಕಬೇಕು. ಅದನ್ನು ನೋಡಿ ಸಕ್ಕರೆ ಕಾಯಿಲೆಯ ಭವಿಷ್ಯ ಹೇಳಲಾಗದು.

ಉರಿಯೂತ ಇಳಿಸೋ ಗುಳಿಗಿ ನುಂಗಿದ್ರ ತಪ್ತದೇನು?

ತಪ್ಪುವುದಿಲ್ಲ, ಕೆಲವು ಸಲ ಉಲ್ಟಾ ಆಗುತ್ತದೆ. ಉರಿಯೂತ ಇಳಿಸುವುದರಲ್ಲಿ ಎಲ್ಲಕ್ಕಿಂತ ಬಲವಾದ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ. ಮೊಣಕಾಲು ನೋವಿಗೆ ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವುದುಂಟು. ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಕ್ಕಿಂತ ಸಂಶಯ ಪಡಿ. ದಿನವೂ ನೋವಿನ ಗುಳಿಗೆ ನುಂಗಿದರೆ ಕಿಡ್ನಿಗೆ ಪೆಟ್ಟು.

ಸಂಶೋಧಕರು ಈ ದಾರಿಯನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿದ್ದಾರೆ. ಇಂಟರ್‌ಲ್ಯೂಕಿನ್-1ನ್ನು ತಡೆಯುವ ಅನಾಕಿನ್ರಾ ಎಂಬ ಔಷಧ ಸಕ್ಕರೆಯನ್ನು ತುಸು ಇಳಿಸಿತು ಎಂದು 2007ರಲ್ಲಿ ಬಂತು, ಆಸೆ ಹುಟ್ಟಿತು. ಆದರೆ ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನರ ಮೇಲೆ, ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕೆನಾಕಿನುಮಾಬ್ ಎಂಬ ಔಷಧ ಪ್ರಯೋಗಿಸಿದಾಗ ಹೃದಯದ ತೊಂದರೆ ಕಡಿಮೆಯಾಯಿತು, ಸಿಆರ್‌ಪಿ ಇಳಿಯಿತು, ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು ಮಾತ್ರ ತಪ್ಪಲಿಲ್ಲ. ಅರಿಶಿನದ ಬಗ್ಗೆಯೂ ಕೇಳುತ್ತಾರೆ. ಅಡುಗೆಗೆ ಹಾಕಿ, ಒಳ್ಳೆಯದು. ಔಷಧದ ಬದಲಿಗೆ ಬೇಡ.

ಜ್ವಾಳದ ರೊಟ್ಟಿ ಉಣ್ಣೋರಿಗಿ ಬರಲ್ಲ ಅಂತಾರಲ್ಲ?

ಜೋಳದ ರೊಟ್ಟಿ, ಸಜ್ಜಿ ರೊಟ್ಟಿ ನಮ್ಮ ಭಾಗ್ಯ. ಹಿಟ್ಟು ಪೂರ್ತಿ ಕಾಳಿನದು, ನಾರು ಉಳಿದಿರುತ್ತದೆ. ಆದರೆ ರೊಟ್ಟಿಯೂ ಪಿಷ್ಟವೇ. ಹೊಲದಲ್ಲಿ ದಿನವಿಡೀ ರಾಶಿ ಮಾಡುವವರು ಉಣ್ಣುವಷ್ಟು ರೊಟ್ಟಿಯನ್ನು ಕುರ್ಚಿಯಲ್ಲಿ ಕೂರುವವರು ಉಂಡರೆ ಹೊಟ್ಟೆ ಬರುತ್ತದೆ. ಎರಡು ರೊಟ್ಟಿ, ತಟ್ಟೆ ತುಂಬ ಪುಂಡಿಪಲ್ಯ ಅಥವಾ ಮೆಂತ್ಯೆ ಪಲ್ಯ, ಗಟ್ಟಿಯಾದ ತೊಗರಿ ಬೇಳೆ, ಹಸಿ ಸೌತೆ ಉಳ್ಳಾಗಡ್ಡಿ: ಇದಕ್ಕಿಂತ ಒಳ್ಳೆಯ ಊಟವನ್ನು ಯಾವ ಡಯಟ್ ಚಾರ್ಟೂ ಹೇಳಲಾರದು. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೇ ಬಂದಿದೆ, ಆದರೆ ಬಹಳ ಮನೆಗಳಲ್ಲಿ ಬೇಳೆ ನೀರಾಗಿ ಅನ್ನ ಗುಡ್ಡೆಯಾಗಿದೆ. ಸಂಜೆಯ ಮಿರ್ಚಿ ಭಜಿ ಮತ್ತು ಸಕ್ಕರೆ ಚಹಾ ದಿನದ ಲೆಕ್ಕ ತಪ್ಪಿಸುತ್ತವೆ.

ತಂಬಾಕಕ್ಕೂ ಇದಕ್ಕೂ ಏನ್ ಸಂಬಂಧ?

ಬೀಡಿ ಸಿಗರೇಟು ಸೇದುವವರಿಗೆ ಸಕ್ಕರೆ ಕಾಯಿಲೆ ಬರುವ ಅಪಾಯ ಶೇ. 30ರಿಂದ 40 ಹೆಚ್ಚು. ಹೊಗೆ ಮೈಯಲ್ಲೆಲ್ಲ ಉರಿಯೂತ ಏರಿಸುತ್ತದೆ. ಗುಟ್ಕಾ, ತಂಬಾಕು ಒಸಡನ್ನು ಕೆಡಿಸುತ್ತವೆ. ಕೀವುಗಟ್ಟಿದ ಒಸಡು ಸಕ್ಕರೆ ಹತೋಟಿ ತಪ್ಪಿಸುತ್ತದೆ, ಏರಿದ ಸಕ್ಕರೆ ಒಸಡನ್ನು ಇನ್ನೂ ಕೆಡಿಸುತ್ತದೆ. ಹಲ್ಲಿನ ಡಾಕ್ಟರರ ಬಳಿ ಒಸಡು ಸ್ವಚ್ಛ ಮಾಡಿಸಿಕೊಳ್ಳುವುದೂ ಸಕ್ಕರೆ ಕಾಯಿಲೆಯ ಚಿಕಿತ್ಸೆಯೇ.

ಹುಟ್ಟಿನಿಂದಲೇ ಬಂದದ್ದಾದ್ರ ನಡದು ಏನ್ ಉಪಯೋಗ?

ಬಹಳ ಉಪಯೋಗ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 3,234 ಜನರ ಅಮೆರಿಕದ ಅಧ್ಯಯನದಲ್ಲಿ, 2002ರ ಫಲಿತಾಂಶದಂತೆ, ಆಹಾರ ಮತ್ತು ನಡಿಗೆ ಬದಲಿಸಿದವರಲ್ಲಿ ಕಾಯಿಲೆ ಶೇ. 58 ಕಡಿಮೆಯಾಯಿತು. ಅವರಲ್ಲೇ ಟಿಸಿಎಫ್7ಎಲ್2ರ ಅಪಾಯದ ಅಕ್ಷರ ಎರಡು ಪ್ರತಿ ಹೊತ್ತವರನ್ನು ಬೇರೆ ಮಾಡಿ ನೋಡಿದರು. ಬದಲಾವಣೆ ಮಾಡಿಕೊಂಡವರಲ್ಲಿ ಆ ಅಕ್ಷರದ ಅಪಾಯ ಹೆಚ್ಚುಕಮ್ಮಿ ಅಡಗಿಹೋಗಿತ್ತು. ಚೆನ್ನೈಯ ಅಧ್ಯಯನದಲ್ಲಿ (2006) ನಮ್ಮ ದೇಶದವರಿಗೆ ಸಿಕ್ಕ ಲಾಭ ಶೇ. 28.5. ಅಲ್ಲಿಗಿಂತ ಕಡಿಮೆ, ಆದರೆ ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ ಎಂಬುದನ್ನು ನೆನಪಿಡಿ. ದುಡಿಯುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 43 ಡಿಗ್ರಿ ದಾಟುವ ನಮ್ಮಲ್ಲಿ ಬೆಳಗಿನ ಆರರ ಒಳಗೆ ನಡೆದು ಬನ್ನಿ. ಆಗದಿದ್ದರೆ ಮೂರೂ ಹೊತ್ತು ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮನೆಯೊಳಗೇ ಅಡ್ಡಾಡಿ.

ಯಾವ ಪರೀಕ್ಷಿ, ಯಾವಾಗ, ಎಲ್ಲಿ?

30 ತುಂಬಿದ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ಮತ್ತು ಸಕ್ಕರೆ ತಪಾಸಣೆ ಉಚಿತ. ಹೆಚ್ಚಿನ ಚಿಕಿತ್ಸೆಗೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಆಸ್ಪತ್ರೆಗಳಿವೆ. ತಂದೆ ತಾಯಿಗೆ ಇದ್ದು, ಹೊಟ್ಟೆಯೂ ಬಂದಿದ್ದರೆ 30ರವರೆಗೆ ಕಾಯಬೇಡಿ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಮಿ.ಗ್ರಾಂ ಇದ್ದರೆ ಹೊಸ್ತಿಲು, 126 ಮುಟ್ಟಿದರೆ ಇನ್ನೊಮ್ಮೆ ನೋಡಿ ಖಚಿತಪಡಿಸುತ್ತಾರೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಮುಟ್ಟಿದರೂ ಕಾಯಿಲೆ ಎಂದು ಅರ್ಥ. ದೇಶದಲ್ಲಿ 10.1 ಕೋಟಿ ಜನರಿಗೆ ಕಾಯಿಲೆ, 13.6 ಕೋಟಿ ಜನ ಹೊಸ್ತಿಲಲ್ಲಿ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ಅಂದಾಜಿಸಿದೆ.

ನಮ್ಮ ಕಡೆಯ ಹೆಂಗಸರಿಗೆ ಒಂದು ಎಚ್ಚರಿಕೆ. ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹಿಮೋಗ್ಲೋಬಿನ್ ಎಷ್ಟಿದೆ ಎಂದು ಡಾಕ್ಟರರಿಗೆ ಮೊದಲೇ ಹೇಳಿ, ಖಾಲಿ ಹೊಟ್ಟೆಯ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿ. ಬಸುರಿಯರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುತ್ತಾರೆ, 140 ಮುಟ್ಟಿದರೆ ಗರ್ಭಿಣಿ ಸಕ್ಕರೆ ಎಂದು ಲೆಕ್ಕ. ಹೆರಿಗೆಯಾದ ಮೇಲೆ ಅದು ಇಳಿದರೂ ಆರು ವಾರಕ್ಕೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮುಂದುವರಿಸಿ.